ಗಟ್ಟಿ ಆತೇನ್ರಿ?

"ಕೈ ತಗೀರಿ. ಹಂಗ ಹಿಡದ್ರ ಸಂಜೀತನಾ ಹಿಡಕೊಂಡ ನಿಂದರಬೇಕಾಗತೈತಿ."

ಬೆನ್ನ ಹಿಂದೆ ಗಂಡಸಿನ ದನಿ. ಪ್ರಾಚಿ ತಿರುಗಿ ನೋಡುವ ಸ್ಥಿತಿಯಲ್ಲಿರಲಿಲ್ಲ. ಎರಡೂ ಕೈ ಮೇಲೆತ್ತಿ, ಒಂದು ಪ್ಲಾಸ್ಟಿಕ್ ಹಾಳೆ ಹಿಡಿದು, ತುದಿಗಾಲಲ್ಲಿ ನಿಂತಿದ್ದಳು.

ಒಂದು ಕಡೆ ಅವರ ಮನೆಗಾಡಿ. ಇನ್ನೊಂದು ಕಡೆ ಅದಕ್ಕೆ ಒತ್ತಿಕೊಂಡು ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ್ದ ಬಟ್ಟೆಯ ಚಪ್ಪರ. ಎರಡರ ನಡುವೆ ಒಂದು ಗೇಣು ಸಂದಿ. ತಿಕೋಟಾದ ಮಳೆಯೆಲ್ಲ ಆ ಸಂದಿಯಿಂದಲೇ ಇಳಿಯುತ್ತಿತ್ತು... ಕೆಳಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ಅವಳ ತಾಯಿ ಸಖೂಬಾಯಿಯ ತಲೆಯ ಮೇಲೆ.

ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಸಖೂಬಾಯಿಯ ಎಡಭಾಗವೂ ಮಾತೂ ಹೋಗಿದ್ದವು. ಯಾವ ಲಾಡ್ಜಿಗೆ ಹೋದರೂ ಮೆಟ್ಟಿಲು, ಯಾವ ಬಚ್ಚಲಿಗೂ ಕುರ್ಚಿ ಹಿಡಿಯದು. ಅದಕ್ಕೇ ಬ್ಯಾಂಕಿನಿಂದ ನಿವೃತ್ತರಾದ ಅವಳ ಅಪ್ಪ ಸುಶೀಲೇಂದ್ರರು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಮನೆಯಾಗಿಸಿದ್ದರು. ಮಂಚ, ಒಲೆ, ಅಗಲ ಬಾಗಿಲಿನ ಬಚ್ಚಲು, ಕುರ್ಚಿ ಹತ್ತಲು ಇಳಿಜಾರು ಹಲಗೆ. ಗೆಳೆಯರೊಬ್ಬರ ದ್ರಾಕ್ಷಿ ತೋಟಕ್ಕೆಂದು ವಿಜಯಪುರದಿಂದ ಹೊರಟ ಮೊದಲ ಪ್ರಯಾಣ ಇದು.

ಈಗ ಆ ಹಲಗೆ ತೊಯ್ದು, ಕುರ್ಚಿ ಅರ್ಧದಲ್ಲೇ ನಿಂತಿತ್ತು. ಮೇಲೂ ಹೋಗದು, ಕೆಳಗೂ ಬಾರದು. ಹಿಂದಿನಿಂದ ತಳ್ಳುತ್ತಿದ್ದ ಅಪ್ಪ ಜಾರಿ, ಮೊಣಕಾಲು ಹಿಡಿದು ಕೂತಿದ್ದರು. ಪ್ರಾಚಿಗೆ ಅಳು ಬಂತು. ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳಿಗೆ ಒಂದು ಗೇಣು ಸಂದಿಯ ಲೆಕ್ಕ ಬಿಡಿಸಲಾಗಿರಲಿಲ್ಲ.

ಬಂದವನು ಹೆಗಲ ಮೇಲಿನ ತಾಡಪತ್ರಿಯನ್ನು, ಆ ದಪ್ಪ ಟಾರ್ಪಾಲನ್ನು, ಗಾಡಿಯ ಮೇಲಿಂದ ಚಪ್ಪರದ ಮೇಲಕ್ಕೆ ಎಸೆದ. ಎರಡು ಕಡೆ ಹಗ್ಗ ಎಳೆದು ಗಂಟು ಹಾಕಿದ. ನೀರು ನಿಂತಿತು. ಆಮೇಲೆ ಕುರ್ಚಿಯ ಒಂದು ಬದಿ ಅವನು ಹಿಡಿದ, ಇನ್ನೊಂದು ಅವಳು. ಆಗ ನೋಡಿದಳು... ಮಳೆಯಲ್ಲಿ ತೊಯ್ದ ಮುಖ, ಅದರಲ್ಲಿ ಒಂದಿಷ್ಟೂ ಅವಸರವಿಲ್ಲದ ಕಣ್ಣು.

"ಗಾಡಿ ಮಾಡಿದವರು ಚಪ್ಪರ ನೋಡಿಲ್ಲ, ಚಪ್ಪರ ಮಾಡಿದವರು ಗಾಡಿ ನೋಡಿಲ್ಲ," ಅಂದ ಅವನು. "ನಡುವಿಂದು ಯಾರೂ ನೋಡಿಲ್ರಿ. ನಾ ಮಾಡಿ ಕೊಡ್ತೀನಿ."

ಅವನು ಅಂಬಾದಾಸ. ಒಣದ್ರಾಕ್ಷಿ ಶೆಡ್ಡುಗಳಿಗೆ ಮಳೆ ಬಂದಾಗ ಇಳಿಬಿಡುವ ತಾಡಪತ್ರಿ ಹೊಲಿಯುವವನು. ತಿಕೋಟಾದ ಸುತ್ತ ಅವನ ಹೊಲಿಗೆ ಕಾಯದ ದ್ರಾಕ್ಷಿ ಕಡಿಮೆ.

ಮುಂದಿನ ಐತವಾರ ವಿಜಯಪುರದ ಮನೆಗೆ ಬಂದು ಗಾಡಿಗೂ ಚಪ್ಪರಕ್ಕೂ ನಡುವೆ ತಾಡಪತ್ರಿಯ ಪಟ್ಟಿ ಹೊಲಿದು ಕಟ್ಟಿದ. ಬಿಗಿಯಾಗಿ, ಹಲಗೆಯ ಹಾಗೆ. ಸಖೂಬಾಯಿಯ ಕುರ್ಚಿ ಗಾಡಿ ಹತ್ತಿದ್ದೇ ತಡ, ಪಟ್ಟಿ ಪರ್ರನೆ ಹರಿಯಿತು.

ಅಂಬಾದಾಸ ತಲೆ ಕೆರೆದುಕೊಂಡ. "ಮಂದಿ ಹತ್ತಿದ್ರ ಗಾಡಿ ನಾಕು ಬೆರಳು ಕೆಳಗ ಕೂಡತೈತ್ರಿ. ಚಪ್ಪರ ನಿಂತಲ್ಲೇ ನಿಂದರತೈತಿ. ಬಿಗಿ ಮಾಡಿದ್ದ ನಂದ ತಪ್ಪು. ಸಡಿಲ ಬಿಡಬೇಕಿತ್ತು."

ಎರಡನೆಯ ಐತವಾರ ಸಡಿಲ ಬಿಟ್ಟ. ಸಡಿಲಾದಲ್ಲಿ ನೀರು ನಿಂತು ಹೊಟ್ಟೆ ಬಂತು. ಮೂರನೆಯ ಐತವಾರ ಒಂದು ಕಡೆ ಇಳಿಜಾರು ಕೊಟ್ಟು ಹೊಲಿದ. ಅಳತೆಗೆಂದು ಪ್ರಾಚಿ ಗಾಡಿ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು.

"ಇನ್ನೊಮ್ಮೆ ಹತ್ರಿ ಮೇಡಂ."

"ಎಂಟನೇ ಸಲ ಆತು."

"ನನಗ ಲೆಕ್ಕ ಬರಂಗಿಲ್ರಿ. ನೀವ ಕಲಿಸಬೇಕು."

ಅವಳು ನಕ್ಕಳು. ಸಖೂಬಾಯಿಯೂ ಅರ್ಧ ತುಟಿಯಲ್ಲಿ ನಕ್ಕರು. ಮೂರು ವರ್ಷದಿಂದ ಆ ಮನೆಯ ಅಂಗಳದಲ್ಲಿ ಒಟ್ಟಿಗೆ ಇಬ್ಬರು ನಕ್ಕಿರಲಿಲ್ಲ. ಪ್ರೀತಿ ಯಾವಾಗ ಹುಟ್ಟಿತು ಎಂದು ಕೇಳಬೇಡಿ. ಎಂಟು ಸಲ ಹತ್ತಿಳಿದವಳಿಗೇ ಅದು ಗೊತ್ತಾಗಲಿಲ್ಲ.

ಆಗಲೇ ಸುಶೀಲೇಂದ್ರರು ಚಹಾ ಕಪ್ಪು ಹಿಡಿದು ಹೊರಗೆ ಬಂದರು. "ಇವತ್ತ ಮುಗಿಸಿಬಿಡಪಾ ಅಂಬಾದಾಸ. ಬರೋ ಐತವಾರ ಕಲಬುರಗಿಂದ ಪ್ರಾಚಿನ್ನ ನೋಡಾಕ ಬರಾವ್ರಿದ್ದಾರ."

"ಆತ್ರಿ ಸರ್," ಅಂದ ಅಂಬಾದಾಸ. ಆಗಲೇ ಅಳೆದಿದ್ದನ್ನು ಮತ್ತೆ ಅಳೆಯತೊಡಗಿದ.

ಪ್ರಾಚಿ ಹತ್ತುವುದನ್ನು ನಿಲ್ಲಿಸಿದಳು. 'ಅಪ್ಪನಿಗೆ ಹೇಳಲಾ? ಏನಂತ ಹೇಳಲಿ?' ಮೊದಲು ಅವನ ಹೆಸರು ಹೇಳಬೇಕು. ಹೆಸರು ಕೇಳಿದ ಮೇಲೆ ಅಪ್ಪ ಕೇಳುವ ಎರಡನೆಯ ಪ್ರಶ್ನೆ ಯಾವುದೆಂದು ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೂ ಅಲ್ಲದೆ, ಅವನ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು? ಅತ್ತ ದರಿ, ಇತ್ತ ಪುಲಿ. ಅವಳು ಸುಮ್ಮನೆ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಕಲಬುರಗಿಯವರು ಬಂದರು, ನೋಡಿದರು, ಒಪ್ಪಿದ್ದೇವೆ ಎಂದು ಹೇಳಿ ಹೋದರು. ಅವರು ಹೋದ ಮೇಲೆ ಜೋರು ಮಳೆ ಹುಯ್ದಿತು. ಪ್ರಾಚಿ ಓಡಿಹೋಗಿ ನೋಡಿದರೆ... ಚಪ್ಪರದ ಕೆಳಗೆ ಹಲಗೆ ಪೂರ್ತಿ ಒಣಗಿತ್ತು. ಒಂದು ಹನಿಯೂ ಇಳಿದಿರಲಿಲ್ಲ. ಆ ದಿನವೆಲ್ಲ ಅವಳಿಗೆ ಸಿಕ್ಕ ಸಮಾಧಾನ ಅದೊಂದೇ.

ಆಗಲೇ ಫೋನು. ಅಂಬಾದಾಸ.

"ಮೇಡಂ... ಗಟ್ಟಿ ಆತೇನ್ರಿ?"

ಅವಳ ಕಣ್ಣು ಪಟ್ಟಿಯ ಮೇಲೇ ಇತ್ತು. "ಗಟ್ಟಿ ಆತ್ರಿ. ಅಪ್ಪಾಗ ಭಾಳ ಖುಷಿ ಆಗೇದ. ಆಯಿನೂ ನಗಾಕತ್ತಾಳ."

"ಚಲೋ ಆತು ಬಿಡ್ರಿ," ಅಂದು ಫೋನ್ ಇಟ್ಟ.

ನಮ್ಮ ಕಡೆ ಹೊಲಿಗೆಯೂ ಗಟ್ಟಿ ಆಗುತ್ತದೆ, ಲಗ್ನವೂ ಗಟ್ಟಿ ಆಗುತ್ತದೆ. ಆ ಪುಣ್ಯಾತ್ಮ ಇಡೀ ಹಗಲು ಒದ್ದಾಡಿ ಕೇಳಿದ್ದು ಲಗ್ನದ ಮಾತು. ಈ ಪುಣ್ಯಾತ್ಗಿತ್ತಿ ಹೇಳಿದ್ದು ಹೊಲಿಗೆಯ ಮಾತು. ಒಂದೇ ಒಂದು ಶಬ್ದ ಹೆಚ್ಚಿಗೆ ಆಡಿದ್ದರೆ ಸಾಕಿತ್ತು, ಆದರೆ ಇಬ್ಬರೂ ಆಡಲಿಲ್ಲ.

ಎರಡು ದಿನ ಫೋನಿಲ್ಲ. ಮೂರನೆಯ ದಿನ ಅವಳೇ ನಾಚಿಕೆ ಬಿಟ್ಟು ಮಾಡಿದಳು. "ನೋಡಾಕ ಬರಲೇ ಇಲ್ಲಲ್ರಿ?"

"ಗಟ್ಟಿ ಆದ ಮ್ಯಾಲ ನಾ ಬರೂದು ಚಲೋ ಕಾಣಂಗಿಲ್ರಿ ಮೇಡಂ. ನನ್ನ ಕೆಲಸ ಮುಗೀತು."

ಕೆಲಸ ಮುಗಿಯಿತು. 'ಅಷ್ಟೇನಾ? ನಾನು ಅವನಿಗೆ ಹತ್ತಿ ಇಳಿಯುವ ಅಳತೆ ಮಾತ್ರವೇ?' ಪ್ರಾಚಿ ಬಚ್ಚಲ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಸಂಜೆ ಅಪ್ಪ ಅಂದರು, "ನಾಳೆ ಕಲಬುರಗಿಗಿ ಹೂಂ ಅಂತ ಹೇಳ್ತೀನವಾ. ನಿಂದೇನರೆ ಇದ್ರ ಇವತ್ತ ಹೇಳು."

ಅವಳು ಬಾಯಿ ತೆರೆದಳು. ಅಪ್ಪನ ಊದಿದ ಮೊಣಕಾಲು ಕಂಡಿತು. ಬಾಯಿ ಮುಚ್ಚಿತು. ಕುರ್ಚಿಯಲ್ಲಿ ಕೂತ ಆಯಿ ಮಗಳನ್ನೇ ನೋಡುತ್ತಿದ್ದರು. ಮಾತಿಲ್ಲದವರ ಕಣ್ಣಿಗೆ ಸುಳ್ಳು ಹೇಳುವುದು ಕಷ್ಟ.

ಮರುದಿನ ಬೆಳಿಗ್ಗೆ ಪ್ರಾಚಿ ಬ್ಲೇಡು ತೆಗೆದುಕೊಂಡು ಹೋಗಿ ಆ ಪಟ್ಟಿಯ ಹೊಲಿಗೆ ಬಿಚ್ಚಿದಳು. ಬೇರೆ ನೆಪ ಅವಳಿಗೆ ಹೊಳೆಯಲಿಲ್ಲ. ಪಟ್ಟಿ ಸುತ್ತಿ ಚೀಲಕ್ಕೆ ತುಂಬಿ, ಕಾಲೇಜಿಗೆ ರಜೆ ಹೇಳಿ, ತಿಕೋಟಾದ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅಂಬಾದಾಸ ಹೊಲಿಗೆ ಮಷಿನ್ನಿನಿಂದ ತಲೆಯೆತ್ತಿದ. ನಾಲ್ಕು ದಿನದಲ್ಲಿ ಬಡವಾಗಿದ್ದ.

"ಹರದೇದ್ರಿ," ಅಂದಳು.

ಅವನು ಪಟ್ಟಿಯನ್ನು ಬೆಳಕಿಗೆ ಹಿಡಿದ. ಬೆರಳು ಹೊಲಿಗೆಯುದ್ದಕ್ಕೂ ಹೋಯಿತು. "ಇದು ಹರದದ್ದಲ್ರಿ. ಹರದ್ರ ಬಟ್ಟಿ ಜಗ್ಗಿರತೈತಿ. ಇದನ್ನ ಯಾರೋ ಬ್ಲೇಡಿಲೆ ಬಿಚ್ಚ್ಯಾರ."

ಅವಳು ನೆಲ ನೋಡಿದಳು.

"ಲಗ್ನ ಗಟ್ಟಿ ಆದವರು ಇಂಥಾ ಆಟಾ ಆಡಬಾರದ್ರಿ ಮೇಡಂ." ಅವನು ಪಟ್ಟಿಯನ್ನು ಮಡಚಿಟ್ಟ.

"ಯಾರ ಲಗ್ನ?"

"ನೀವ ಹೇಳಿದ್ರಲ್ರಿ, ಐತವಾರ. ಗಟ್ಟಿ ಆತು, ಅಪ್ಪಾಗ ಖುಷಿ ಆಗೇದ ಅಂತ."

ಪ್ರಾಚಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದದ್ದೇ ಅಲ್ಲೇ ತಾಡಪತ್ರಿಯ ರಾಶಿಯ ಮೇಲೆ ಕೂತುಬಿಟ್ಟಳು. ನಗು ಬಂತೋ ಅಳು ಬಂತೋ, ಅವಳಿಗೇ ತಿಳಿಯಲಿಲ್ಲ.

"ನಾ ಹೊಲಿಗಿದು ಹೇಳಿದ್ದೆ, ಅಂಬಾದಾಸ. ಆ ಪಟ್ಟಿ ಗಟ್ಟಿ ಆಗೇದ ಅಂತ ಹೇಳಿದ್ದೆ."

ಅವನು ಮಷಿನ್ನಿನ ಗಾಲಿ ಹಿಡಿದುಕೊಂಡೇ ನಿಂತ.

"ಅಪ್ಪಾ ಇನ್ನೂ ಹೂಂ ಅಂದಿಲ್ಲ. ಇವತ್ತ ಅಂತಾರ. ಬ್ಯಾಡ ಅನ್ನಾಕ ನನಗೊಂದು ಕಾರಣ ಬೇಕು. ಅದು ನೀವ. ನಿಮ್ಮ ಮನಸ್ಸಿನ್ಯಾಗ ಇಲ್ಲಂದ್ರ ಈಗ ಹೇಳ್ರಿ, ಹೋಗಿಬಿಡ್ತೀನಿ."

"ಐತ್ರಿ," ಅಂದ ಅವನು. "ಮಳಿ ಬಂದ ದಿವಸದಿಂದ ಐತಿ. ಮೂರು ಐತವಾರದ ಕೆಲಸ ಅಲ್ರಿ ಅದು, ಒಂದೂವರೆ ದಿವಸದ್ದು. ಆದ್ರ ನಿಮ್ಮ ಮನಿ ಯಾವುದು, ನನ್ನ ಮನಿ ಯಾವುದು... ನಿಮ್ಮ ಅಪ್ಪಾರು ನನ್ನ ಕೈಲೆ ಹೊಲಿಗಿ ಹಾಕಿಸ್ಕೋತಾರ. ಮಗಳನ್ನ ಕೊಡ್ತಾರೇನ್ರಿ?"

"ಗೊತ್ತಿಲ್ಲ," ಅಂದಳು.

ಅಲ್ಲೇ ಅಪ್ಪನಿಗೆ ಫೋನ್ ಮಾಡಿದಳು. "ಅಪ್ಪಾ, ಕಲಬುರಗಿಗಿ ಬ್ಯಾಡ ಅಂತ ಹೇಳ್ರಿ. ನಾ ತಿಕೋಟಾದಾಗ ಇದ್ದೀನಿ. ಅಂಬಾದಾಸನ ಹಂತ್ಯಾಕ."

ಅಪ್ಪ ಬೈಯಲಿಲ್ಲ. ಒಂದೇ ಮಾತು ಅಂದರು: "ಮನೀಗಿ ಬಾ." ಫೋನು ಕಟ್ಟಾಯಿತು.

ಆ ಎರಡು ಶಬ್ದದಲ್ಲಿ ಏನಿತ್ತು? ಸಿಟ್ಟೋ, ದುಃಖವೋ... ಅವಳು ಎಷ್ಟು ತಿರುವಿ ಹಾಕಿದರೂ ಗೊತ್ತಾಗಲಿಲ್ಲ. ಅಂಬಾದಾಸ ಅಂಗಡಿಯ ಕದ ಎಳೆದು ಕೀಲಿ ಹಾಕಿದ.

ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಅವನು ಎರಡು ಬೆರಳು ತೋರಿಸಿದ. "ವಿಜಯಪುರ, ಎರಡು."

"ನನಗ ಫ್ರೀ ಅದ್ರಿ," ಅಂದಳು ಪ್ರಾಚಿ, ಕಣ್ಣೊರೆಸಿಕೊಳ್ಳುತ್ತ. "ನಿಮ್ಮದಷ್ಟ ತಗೀರಿ."

ಅವನು ಮೊದಲ ಸಲ ನಕ್ಕ. ಬಸ್ಸು ದ್ರಾಕ್ಷಿ ತೋಟಗಳನ್ನು ದಾಟಿತು. ವಿಜಯಪುರ ಹತ್ತಿರವಾದಷ್ಟೂ ನಗು ಕರಗಿತು.

"ಪ್ರಾಚಿ." ಮೇಡಂ ಅನ್ನಲಿಲ್ಲ. "ನಿಮ್ಮ ಅಪ್ಪಾರ ಮುಂದ ನಿಂತ್ರ ನನ್ನ ಬಾಯಿ ಕಟ್ಟತೈತಿ."

"ನಂದೂ ಕಟ್ಟತದ."

"ಹಂಗಾದ್ರ ಏನ ಮಾಡೂಣು?"

ಅವಳು ಅವನ ಕೈ ಹಿಡಿದಳು. ಸೂಜಿ, ದಾರ, ಹಗ್ಗ ಹಿಡಿದು ಒರಟಾದ ಕೈ.

"ಸುಮ್ನ ನಿಂದರೂಣು," ಅಂದಳು. "ಒಬ್ಬರ ಬಾಜೂಕ ಒಬ್ಬರು."