ಎಲ್ಲೆಗಲ್ಲಿನ ಒಲೆ

"ಕಿತ್ತೆಸೀತೀನಿ! ನೀನು ನೆಟ್ಟಿದ್ದನ್ನೆಲ್ಲ ಕಿತ್ತೆಸೀತೀನಿ!"

ಕುದುರೆಯ ಮೇಲಿದ್ದ ಕಸಿಲ್ದಾಳ ಕೈಯಿಂದ ಚರ್ಮದ ಹಗ್ಗ ಸುಯ್ಯೆಂದು ಹಾರಿತು. ಕುಣಿಕೆ ಸರಿಯಾಗಿ ಬೇಲಿಯ ಗೂಟಕ್ಕೇ ಬಿತ್ತು. ಹಗ್ಗವನ್ನು ಜೀನಿಗೆ ಸುತ್ತಿ ಅವಳು ಕುದುರೆಯನ್ನು ತಿರುಗಿಸಿದ್ದೇ ತಡ, ಬೆವರು ಸುರಿಸಿ ನೆಟ್ಟಿದ್ದ ಗೂಟ ಮಣ್ಣುಸಮೇತ ಎದ್ದು ಬಂತು.

ಸುತ್ತಿಗೆ ಹಿಡಿದು ನಿಂತಿದ್ದ ಯುವಕ ಅವಳನ್ನೊಮ್ಮೆ ನೋಡಿದ, ಗುಂಡಿಯನ್ನೊಮ್ಮೆ ನೋಡಿದ.

"ಇನ್ನೂ ಆಳ ತೋಡ್ಬೇಕಿತ್ತು," ಎಂದ.

"ಏನಂದೆ?"

"ಸಲೀಸಾಗಿ ಬಂದ್ಬಿಡ್ತಲ್ಲ... ತಪ್ಪು ನನ್ದೇ. ನಾಳೆ ಆಳವಾಗಿ ನೆಡ್ತೀನಿ. ನೀವು ನಾಳೇನೂ ಬರ್ತೀರಲ್ವಾ?"

ಕಸಿಲ್ದಾಳಿಗೆ ಮೈಯೆಲ್ಲ ಉರಿದುಹೋಯಿತು. ಬೈದರೆ ತಿರುಗಿ ಬೈಯಬೇಕು. ಇದೆಂಥ ಗಂಡಸು!

ಅವನ ಹೆಸರು ಏಸಾ ಟಿಲ್ಟನ್. ದೇಶದ ಇನ್ನೊಂದು ತುದಿಯಿಂದ ಹಡಗಿನ ಬಡಗಿಯಾಗಿ ಬಂದು, ಇಲ್ಲಿಯ ಗುಡ್ಡಗಳನ್ನು ಕಂಡು ಹಡಗನ್ನೇ ಬಿಟ್ಟವನು. ಬಂದರುಗಳಲ್ಲಿ ಕಲಿತ ಅವನ ಸ್ಪ್ಯಾನಿಷ್‌ನಲ್ಲಿ ಎಲ್ಲರೂ 'ನೀವು'. ತನ್ನ ಹೇಸರಗತ್ತೆಗೂ ಬಹುವಚನ ಕೊಟ್ಟೇ ಮಾತಾಡಿಸುತ್ತಿದ್ದ.

"ಈ ಒರತೆ, ಈ ಇಳಿಜಾರು ನಮ್ಮಜ್ಜಂದು," ಎಂದಳು ಕಸಿಲ್ದಾ.

"ಸರ್ಕಾರದ ಖಾಲಿ ನೆಲ ಅಂತ ಹೇಳಿದ್ರು..."

"ಯಾರು? ವಲಸಿಗರನ್ನ ಕರ್ಕೊಂಡು ಬರೋ ಆ ಪೈಕ್ ತಾನೇ? ಅವನ ಬಾಯಲ್ಲಿ ಸಮುದ್ರಾನೂ ಖಾಲಿ ನೆಲಾನೇ!"

ಹಗ್ಗ ಸುತ್ತಿಕೊಂಡು ಅವಳು ಹೊರಟುಹೋದಳು. ಒಂದೇ ಒಂದು ಸಲ ತಿರುಗಿ ನೋಡಿದಳು, ಅಷ್ಟೇ.

ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯ ಕಡಲಂಚಿನಲ್ಲಿದ್ದ ಲಾಸ್ ಗಾರ್ಸಾಸ್ ಎಂಬ ರಾಂಚೊವನ್ನು, ಅಂದರೆ ದನ ಮೇಯಿಸುವ ಜಹಗೀರನ್ನು, ಮೆಕ್ಸಿಕೊದ ಆಳ್ವಿಕೆಯಲ್ಲಿ ಅವಳ ಅಜ್ಜನಿಗೆ ಕೊಟ್ಟಿದ್ದರು. ಈಗ ಬಾವುಟ ಬದಲಾಗಿ ಯಾಂಕಿಗಳದ್ದಾಗಿತ್ತು. ಹೊಸ ಸರ್ಕಾರ ಎಲ್ಲೆ ಎಲ್ಲಿದೆ ತೋರಿಸಿ ಎನ್ನುತ್ತಿತ್ತು. ತೋರಿಸಬೇಕಾದ ಅಪ್ಪ ತೀರಿಕೊಂಡಿದ್ದ. ಉಳಿದವರು ಕಣ್ಣು ಮಂಜಾದ ಅಜ್ಜಿ ತೊಮಾಸಾ ಮತ್ತು ಯಾರಿಗೂ ಜಗ್ಗದ ಈ ಮೊಮ್ಮಗಳು.

ಬೇಸಿಗೆಯಲ್ಲೂ ಬತ್ತದ ಒರತೆ ಇಡೀ ರಾಂಚೊದಲ್ಲಿ ಅದೊಂದೇ. ಅದು ಕೈಬಿಟ್ಟರೆ ದನಗಳಿಲ್ಲ, ದನಗಳಿಲ್ಲದೆ ರಾಂಚೊ ಇಲ್ಲ. ಎಲ್ಲೆಯ ಗುರುತಿಗೆ ಅಜ್ಜ ಒರತೆಯಾಚೆ ಕಲ್ಲುಗುಡ್ಡೆ ಹಾಕಿದ್ದನಂತೆ. ಕುದುರೆ ಸವಾರನನ್ನೇ ಮುಳುಗಿಸುವಷ್ಟು ಎತ್ತರಕ್ಕೆ ಬೆಳೆಯುವ ಕಾಡುಸಾಸಿವೆಯಲ್ಲಿ ಅದನ್ನು ಹುಡುಕುವುದು ಯಾರು?

ಮರುದಿನ ಕಸಿಲ್ದಾ ಮತ್ತೆ ಬಂದಳು. ಗೂಟ ನಿಜವಾಗಿಯೂ ಆಳಕ್ಕೆ ಹೋಗಿತ್ತು. ಕೀಳಲು ಎರಡು ಸಲ ಎಳೆಯಬೇಕಾಯಿತು. ಅದರ ಮರುದಿನ ಇನ್ನೂ ಆಳ. ಕುದುರೆ ಏದುಸಿರು ಬಿಡುವಾಗ ಏಸಾ ತಾನೇ ಅದಕ್ಕೆ ನೀರು ತಂದುಕೊಡುತ್ತಿದ್ದ!

"ಶತ್ರುವಿನ ಕುದುರೆಗೆ ನೀರು ಕೊಡ್ತೀಯಲ್ಲ, ನಿಂಗೆ ತಲೆ ಸರಿ ಇದ್ಯಾ?"

"ಕುದುರೆ ನನಗೇನು ಮಾಡಿದೆ? ಮಾಡ್ತಿರೋರು ನೀವು."

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡಳು. ಆದರೆ ಬೆಳಗಾದರೆ ಸಾಕು, ಜಡೆಗೆ ಹೊಸ ರಿಬ್ಬನ್ ಕಟ್ಟಿಕೊಂಡು ಜಗಳಕ್ಕೆ ಹೊರಡುವ ಮೊಮ್ಮಗಳನ್ನು ಕಂಡು ಅಜ್ಜಿ ಗೊಣಗುತ್ತಿದ್ದಳು: "ಗೂಟ ಕೀಳೋಕೆ ರಿಬ್ಬನ್ ಯಾಕೇ ಮಗಳೇ? ಕಣ್ಣು ಮಂಜಾಗಿದ್ರೂ ಕೆಂಪು ಬಣ್ಣ ಕಾಣುತ್ತೆ ನಂಗೆ."

ಒಂದು ಬೆಳಗ್ಗೆ ಕಡಲಿನಿಂದ ಮಂಜು ನುಗ್ಗಿ ದಾರಿಯೇ ಕಾಣದಾಯಿತು. ಏಸಾ ತನ್ನ ಗುಡಿಸಲಿಗೆ ಕರೆದ. ಒಳಗೆ ಅವನು ಬೇಯಲಿಟ್ಟು ಮರೆತಿದ್ದ ಹುರುಳಿಕಾಯಿ ಬೀಜ ಸೀದುಹೋಗಿತ್ತು. ಮೂಗು ಮುಚ್ಚಿಕೊಂಡು, ನಗುತ್ತ, ಕಸಿಲ್ದಾ ಒಲೆಯ ಹತ್ತಿರ ಬಗ್ಗಿದಳು.

ಒಲೆಯ ಕಲ್ಲೊಂದರ ಮೇಲೆ ಕೊಕ್ಕರೆಯ ಪಾದ ಕೆತ್ತಿತ್ತು. ಅವರ ಮನೆಯ ದನಗಳಿಗೆ ಹಾಕುವ ಮುದ್ರೆ!

ಅವಳ ನಗು ಹಾಗೇ ಸತ್ತಿತು.

"ಈ ಕಲ್ಲು... ಎಲ್ಲಿಂದ ತಂದೆ?"

"ಸಾಸಿವೆ ಗಿಡದ ಮಧ್ಯೆ ಒಂದು ಗುಡ್ಡೆ ಇತ್ತು. ಒಲೆಗೆ ಹೇಳಿ ಮಾಡಿಸಿದ ಹಾಗಿತ್ತು..."

"ಅದು ನಮ್ಮ ಎಲ್ಲೆಗಲ್ಲು ಕಣೋ! ನಮ್ಮ ಎಲ್ಲೆ ಅಳಿಸಿ ನೀನು ಗಂಜಿ ಕಾಯಿಸ್ಕೊಂಡಿದ್ದೀಯಾ?"

"ದೇವರಾಣೆ, ನನಗೆ ಗೊತ್ತಿರ್ಲಿಲ್ಲ. ಎಲ್ಲಿತ್ತು ಅಂತ ತೋರಿಸ್ತೀನಿ ಬನ್ನಿ..."

"ಬಾಯಿ ಮುಚ್ಚು! ನೀನು ತೋರಿಸೋ ಜಾಗಾನ ನಾನು ನಂಬಬೇಕಾ? ಪೈಕ್ ಹೇಳ್ಕೊಟ್ಟಿರೋ ನಾಟಕ ಅಲ್ವಾ ಇದೆಲ್ಲ? ನೀರು ಕೊಟ್ಟಿದ್ದು, ನಗಿಸಿದ್ದು, ಎಲ್ಲ!"

ಮಂಜಿನಲ್ಲೇ ಕುದುರೆ ಓಡಿಸಿದಳು. 'ಈ ಯಾಂಕಿಗಳೆಲ್ಲ ಹೀಗೇ. ಮೊದಲು ಹುಡುಗಿ ಮನಸ್ಸು, ಆಮೇಲೆ ಅವಳ ನೆಲ... ನಾನೂ ಮೋಸ ಹೋದೆನಲ್ಲ!' ಕೆನ್ನೆ ಒದ್ದೆಯಾದದ್ದು ಮಂಜಿನಿಂದ ಎಂದು ತನಗೆ ತಾನೇ ಹೇಳಿಕೊಂಡಳು.

ಮತ್ತೆ ಅವಳು ಅತ್ತ ಹೋಗಲಿಲ್ಲ. ಗೂಟಗಳು ನೆಟ್ಟಲ್ಲೇ ನಿಂತವು.

ಅಳತೆಯ ಅಧಿಕಾರಿ ಬಂದ ದಿನ ಇಳಿಜಾರಿನಲ್ಲಿ ಜನ ಸೇರಿದರು. ಎತ್ತಿನ ಗಾಡಿಯಲ್ಲಿ ಅಜ್ಜಿ, ಪಕ್ಕದಲ್ಲಿ ಕುದುರೆಯ ಲಗಾಮು ಹಿಡಿದ ಕಸಿಲ್ದಾ. ಎದುರಿಗೆ ಪೈಕ್ ಮತ್ತು ಅವನ ಕಡೆಯ ಹೊಸ ವಲಸಿಗರು. ಎಲ್ಲೆ ಒರತೆಯ ಈಚೆಗೇ ಮುಗಿಯುತ್ತದೆ ಎಂಬುದು ಅವರ ವಾದ.

"ಗುರುತು ಎಲ್ಲಿದೆ?" ಎಂದ ಅಧಿಕಾರಿ.

"ಇಲ್ಲೇ, ಈ ಇಳಿಜಾರಲ್ಲೇ ಇತ್ತು. ಕಿತ್ತು ಹಾಕಿದ್ದಾರೆ," ಎಂದಳು ಕಸಿಲ್ದಾ.

ಪೈಕ್ ಗಹಗಹಿಸಿ ನಕ್ಕ. "ಹೆಂಗಸರ ಮಾತು ಕಟ್ಕೊಂಡು ಗಡಿ ಹಾಕೋಕಾಗುತ್ತಾ ಸ್ವಾಮಿ?"

"ಯಾಕೆ, ನಿಮ್ಮ ಅಳತೆ ಸರಪಳಿ ಮೀಸೆ ಇದ್ದೋರಿಗೆ ಮಾತ್ರ ಅಳೆಯೋದಾ?" ಕಸಿಲ್ದಾ ಸಿಡಿದಳು. "ಹುಟ್ಟಿದ್ದು ಇಲ್ಲಿ, ಅಪ್ಪನ್ನ ಮಣ್ಣು ಮಾಡಿದ್ದು ಇಲ್ಲಿ. ನಾನು ಕದಲಲ್ಲ. ನನ್ನ ಸುತ್ತ ಅಳೆದ್ಕೊಳ್ಳಿ!"

ಆಗ ಕೆಳಗಿನಿಂದ ಗಾಡಿಯ ಕಿರುಗುಟ್ಟುವ ಸದ್ದು ಕೇಳಿಸಿತು.

ಏಸಾ ಬರುತ್ತಿದ್ದ. ಗಾಡಿಯ ತುಂಬ ಮಸಿ ಹಿಡಿದ ಕಲ್ಲುಗಳು. ಅವನ ಮುಖ, ಕೈ ಎಲ್ಲ ಮಸಿ. ಯಾರನ್ನೂ ನೋಡದೆ ಒರತೆಯನ್ನು ದಾಟಿ, ಒಣಗಿ ಬಿದ್ದಿದ್ದ ಸಾಸಿವೆಯೊಳಗೆ ನಡೆದು ಒಂದೆಡೆ ನಿಂತ.

"ಇಲ್ಲಿತ್ತು," ಎಂದ. "ತೆಗೆದೋನು ನಾನು. ವಾಪಸ್ ಇಡ್ತಿರೋನೂ ನಾನೇ."

"ಲೋ ದ್ರೋಹಿ!" ಪೈಕ್ ಕಿರುಚಿದ. "ಗಡಿ ಅಲ್ಲಿಗೆ ಹೋದ್ರೆ ನಿನ್ನ ಗುಡಿಸ್ಲೂ ಅವರ ಪಾಲಾಗುತ್ತೆ!"

"ಗೊತ್ತು. ಒಲೆ ಆಗ್ಲೇ ಕಿತ್ತಾಯ್ತಲ್ಲ."

"ಕಲ್ಲನ್ನ ಎಲ್ಲಿ ಬೇಕಾದ್ರೂ ಇಡಬಹುದು! ಏನು ಸಾಕ್ಷಿ?"

ಆಗ ಎತ್ತಿನ ಗಾಡಿಯಲ್ಲಿದ್ದ ಅಜ್ಜಿ ಬಾಯಿಬಿಟ್ಟಳು. "ಅಗೆದು ನೋಡ್ರಿ. ಕಲ್ಲು ಹೋದ್ರೂ ಗುರುತು ಇರ್ಲಿ ಅಂತ ನಮ್ಮೋರು ಅಡಿಯಲ್ಲಿ ಇದ್ದಿಲು ಹೂತಿದ್ರು. ಎಲ್ಲಿ ಅಂತ ಕಣ್ಣಿಗೆ ಕಾಣ್ತಿರ್ಲಿಲ್ಲ ನಂಗೆ, ಅಷ್ಟೇ."

ಏಸಾ ಗುದ್ದಲಿ ಹಾಕಿದ. ಮೊದಲು ಬಂದದ್ದು ಕೆಂಪು ಮಣ್ಣು, ಮತ್ತೆ ಕೆಂಪು ಮಣ್ಣು... ಆಮೇಲೆ ಕಪ್ಪಗೆ, ಹಿಡಿ ತುಂಬ ಇದ್ದಿಲು.

ಅಧಿಕಾರಿ ಅಲ್ಲೇ ಅಳತೆಯ ಬಾವುಟ ನೆಟ್ಟ. ಒರತೆ ಉಳಿಯಿತು.

ನೆಲ ಸಿಕ್ಕ ದಿನ ಅಜ್ಜ ಮಾಡಿದ್ದನ್ನೇ ಕಸಿಲ್ದಾ ಮಾಡಿದಳು. ನೆಲ ನನ್ನದು ಎಂದು ಸಾರಲು ಹಿಡಿ ಹುಲ್ಲು ಕಿತ್ತು ನಾಲ್ಕು ದಿಕ್ಕಿಗೂ ಎಸೆದಳು. ಒಂದಿಷ್ಟು ಪೈಕನ ಟೋಪಿಯ ಮೇಲೂ ಬಿತ್ತು. ಬೇಕೆಂದೇ ಎಸೆದಿದ್ದಳು.

ತಿರುಗಿ ನೋಡಿದರೆ ಏಸಾ ಇರಲಿಲ್ಲ. ದೂರದಲ್ಲಿ, ಬಂದರಿನ ದಾರಿಯಲ್ಲಿ, ಹೇಸರಗತ್ತೆಯ ಜೊತೆ ನಡೆದು ಹೋಗುತ್ತಿದ್ದ.

'ನೆಲಕ್ಕಾಗಿ ಬಂದವನು ಹೀಗೆ ಹೋಗುತ್ತಾನಾ? ಒಂದು ಮಾತು ಕೇಳದೆ? ನಾನೇ ಅಲ್ಲವೇ ಅವನ ಬಾಯಿ ಮುಚ್ಚಿಸಿದ್ದು...'

"ಮಗಳೇ, ಹಗ್ಗ ಬೀಸೋದು ದನಕ್ಕೆ ಮಾತ್ರಾನಾ?" ಎಂದಳು ಅಜ್ಜಿ, ಎತ್ತಲೋ ನೋಡುತ್ತ.

ಕುದುರೆ ಹಾರಿತು.

ಸುಯ್ಯೆಂದು ಬಂದ ಕುಣಿಕೆ ಏಸಾನ ಭುಜದ ಮೇಲೆ ಬಿತ್ತು. ಅವನು ನಿಂತ, ಆದರೆ ತಿರುಗಲಿಲ್ಲ.

"ಇನ್ನೇನು ಉಳಿದಿದೆ ಕೀಳೋಕೆ?" ಎಂದ ಮೆಲ್ಲಗೆ.

"ಕೀಳೋಕೆ ಬಂದಿಲ್ಲ." ಅವಳು ಕುದುರೆಯಿಂದ ಇಳಿದಳು. ಧ್ವನಿ ನಡುಗಿತು, ಗದ್ದ ಮಾತ್ರ ಮೇಲೇ ಇತ್ತು. "ಕೇಳು. ನಿನ್ನ ಮಾತು ಕೇಳದೆ ಬೈದಿದ್ದು ನನ್ನ ತಪ್ಪು. ಆದ್ರೆ ನೆಲ ನನ್ನ ಹೆಸರಲ್ಲೇ ಇರುತ್ತೆ. ನಾಳೆ ಮದುವೆ ಆದ್ರೂ ನನ್ನ ಹೆಸರಲ್ಲೇ."

"ನಾನು... ಏನೂ ಕೇಳ್ಲಿಲ್ವಲ್ಲ?"

"ಅದಕ್ಕೇ ಹೇಳ್ತಿರೋದು, ಪೆದ್ದ! ನೀನು ಏನೂ ಕೇಳ್ಲಿಲ್ಲ ನೋಡು, ಅದಕ್ಕೇ ನಂಗೆ ನೀನು ಬೇಕು!"

ಮಸಿ ಮುಖದಲ್ಲಿ ಅವನ ಕಣ್ಣುಗಳು ತುಂಬಿ ಬಂದವು. "ನೀವು..."

"ನೀನು ಅನ್ನು."

ಹೇಸರಗತ್ತೆಗೂ ಬಹುವಚನ ಕೊಡುವವನಿಗೆ ಅದು ಸುಲಭವಾಗಿರಲಿಲ್ಲ. ತಡವರಿಸಿದ. "ನೀನು... ನೀನು ಬಂದ ಮೊದಲ್ನೇ ದಿನಾನೇ ನನಗೆ ಆ ಬೇಲಿ ಬೇಡ ಅನ್ನಿಸಿತ್ತು."

"ಸುಳ್ಳು! ಹಾಗಿದ್ರೆ ದಿನಾ ಗೂಟಾನ ಇನ್ನೂ ಆಳಕ್ಕೆ ಯಾಕೆ ನೆಡ್ತಿದ್ದೆ?"

"ಕೀಳೋಕೆ ಜಾಸ್ತಿ ಹೊತ್ತು ಹಿಡೀಲಿ ಅಂತ," ಎಂದ ಏಸಾ. "ನೀನು ಇನ್ನೂ ಸ್ವಲ್ಪ ಹೊತ್ತು ಇರ್ಬೇಕು ಅಂತ."