ಬಣ್ಣ ಬದಲಾಗದ ಹೆಸರು

“ಏಳ್ರಿ ಮ್ಯಾಡಂ, ನಿಮ್ಮ ಪಾಳಿ ಮುಗೀತು!”

ಆಮ್ರಪಾಲಿ ಕುರ್ಚಿ ಬಿಡಲಿಲ್ಲ. “ಒಂದ ಸಾಲು ಉಳದದರಿ. ನಿಂತ್ರ ಕಾಲೇನು ಸವೀತಾವೇನ್ರಿ?”

ಬೀದರಿನ ಆ ಅಂಗಡಿಯಲ್ಲಿ ವೆಬ್‌ಸೈಟ್ ಮಾಡಲು ಇದ್ದದ್ದು ಒಂದೇ ಕಂಪ್ಯೂಟರ್. ಮಧ್ಯಾಹ್ನದವರೆಗೆ ಭಾಲ್ಕಿಯ ಆಮ್ರಪಾಲಿ, ಆಮೇಲೆ ಔರಾದಿನ ಶಿವಕಾಂತ. ಮೊದಲ ದಿನ ಹೀಗೆ ಜಗಳವಾಯಿತು. ತಿಂಗಳು ಕಳೆಯುವಷ್ಟರಲ್ಲಿ, ಅವನ ಹೆಜ್ಜೆ ಸಪ್ಪಳಕ್ಕೆ ಅವಳ ಎದೆ ಹೊಡೆದುಕೊಳ್ಳತೊಡಗಿತು...

ಕೆಲಸ ವಧು-ವರರ ಪುಟದ್ದು. ಒಂದೊಂದು ಸಮಾಜಕ್ಕೆ ಒಂದೊಂದು ವಿಭಾಗ.

“ಲಿಂಕ್‌ಗಳ ಬಣ್ಣ ಸೈತ ಅಲಗ ಅಲಗ ಇರ್ಲಿ. ಮಂದಿ ತಮ್ಮದು ತಾವು ಹುಡುಕೋತಾರ,” ಎಂದಿದ್ದ ಮಾಲೀಕ ತನ್ವೀರ.

ಆ ಬಣ್ಣಗಳನ್ನು ಬರೆದವನು ಶಿವಕಾಂತ. ಬೌದ್ಧರ ಹೆಸರುಗಳಿಗೆ ನೀಲಿ, ಕುರುಬರ ಹೆಸರುಗಳಿಗೆ ಹಸಿರು. ಕಂಪ್ಯೂಟರಿನಲ್ಲಿ ಒಮ್ಮೆ ತೆರೆದ ಹೆಸರು ನೇರಳೆಗೆ ತಿರುಗುತ್ತಿತ್ತು.

ನೀಲಿ ವಿಭಾಗದಲ್ಲಿ ಆಮ್ರಪಾಲಿಯ ಹೆಸರೂ ಇತ್ತು. ಅಪ್ಪ ಮಾಣಿಕ ಹಾಕಿಸಿದ್ದು. ಅದನ್ನು ತೆರೆದು ನೋಡಲು ಅವಳಿಗೇ ನಾಚಿಕೆ.

ಒಂದು ಬೆಳಿಗ್ಗೆ ನೋಡಿದಳು. ಶಿವಕಾಂತನ ಸಮಾಜದ ಹಸಿರಿನಲ್ಲಿ ಏಳು ಹೆಸರು ನೇರಳೆಯಾಗಿದ್ದವು. ನೀಲಿಯಲ್ಲಿ ಒಂದೂ ಇಲ್ಲ!

‘ಅವರ ಮಂದಿ ಹುಡುಗ್ಯಾರನ್ನೆಲ್ಲ ನೋಡ್ಯಾನ... ನನ್ನ ಹೆಸರು ಮುಟ್ಟಿ ಸೈತ ಇಲ್ಲ.’

ಅಂದೇ, ಅಪ್ಪ ನೋಡಿದ್ದ ಭಾತಂಬ್ರಾದ ವರನಿಗೆ ಹೂಂ ಎಂದುಬಿಟ್ಟಳು. ಭಾನುವಾರ ಅವರು ಹೆಣ್ಣು ನೋಡಲು ಬರುವುದೆಂದಾಯಿತು.

ಶನಿವಾರ ತನ್ವೀರ, ನೀಲಿಯನ್ನು ಸ್ವಲ್ಪ ಗಾಢ ಮಾಡು ಎಂದ. ಬಣ್ಣಗಳ ಕಡತ ತೆರೆದಳು. ನೀಲಿ ವಿಭಾಗಕ್ಕೆ ಮಾತ್ರ ಒಂದು ಸಾಲು ಹೆಚ್ಚಿಗೆ ಇತ್ತು: ತೆರೆದ ಹೆಸರೂ ನೀಲಿಯಾಗಿಯೇ ಉಳಿಯಬೇಕು. ಬೇರೆ ಯಾವ ವಿಭಾಗಕ್ಕೂ ಹಾಗೆ ಬರೆದಿರಲಿಲ್ಲ.

ಸಾಲು ಅಳಿಸಿದಳು.

ನಲವತ್ತು ಹೆಸರುಗಳಲ್ಲಿ ಒಂದೇ ಒಂದು ನೇರಳೆಗೆ ತಿರುಗಿತು. ಆಮ್ರಪಾಲಿ ಮಾಣಿಕ, ಭಾಲ್ಕಿ.

ಶಿವಕಾಂತ ಬಂದಾಗ ಅವಳು ಏಳಲಿಲ್ಲ. “ಈ ಸಾಲು ಯಾಕ ಬರದ್ರಿ?”

ಅವನು ಪರದೆಯ ಮೇಲಿನ ನೇರಳೆ ಹೆಸರು ನೋಡಿದ. “ದಿನಾ ನಿಮ್ಮ ಹೆಸರು ತೆರೀತಿದ್ದೆರಿ. ನಿಮಗ ಕಾಣಬಾರದಂತ...”

“ಆ ಏಳು ಮಂದಿ?”

“ಅವ್ವ ಫೋನ್ ಹಚ್ಚಿ ಇಲ್ಲಿಂದ ಓದಿಸಿದಳ್ರಿ. ಎಲ್ಲಾರಿಗೂ ಬ್ಯಾಡ ಅಂದೀನಿ.”

“ನಾಳಿ ಭಾತಂಬ್ರಾದವರು ಬರ್ತಾರ! ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇನ್ರಿ?”

“ಏನಂತ ಹೇಳಲಿ? ನಿಮಗ ನಮ್ಮ ಮನಿ ಹೊಸ್ತಿಲ ದಾಟಗೊಡಲ್ಲ.”

ಆಮ್ರಪಾಲಿ ಅಪ್ಪನಿಗೆ ಫೋನ್ ಹಚ್ಚಿದಳು. “ಅಪ್ಪಾ, ನಾಳಿ ಅವರಿಗಿ ಬರಬ್ಯಾಡ ಅನ್ರಿ.” ಕಾರಣ ಕೇಳಿದರು. ಮುಚ್ಚಿಡದೆ ಹೇಳಿದಳು.

“ಅವರ ಅಂಗಳದಾಗ ನಿಂದ್ರಲಾಕ ಓದಿಸೀನೇನು ನಿನಗ? ಹಂಗಾದ್ರ ನೀನೂ ಮನಿಗಿ ಬರಬ್ಯಾಡ.”

ಫೋನ್ ಕಡಿದುಹೋಯಿತು.

“ನಮ್ಮ ಮನ್ಯಾಗೂ ಹಿಂಗೇರಿ...” ಎಂದ ಶಿವಕಾಂತ.

“ಗೊತ್ತದರಿ.”

ಅವಳಿಗೆ ಅಳುವೂ ಬರಲಿಲ್ಲ. ಕುರ್ಚಿಯ ಒಂದು ಅಂಚಿಗೆ ಸರಿದಳು.

“ಕೂಡ್ರಿ.”

“ಇಬ್ಬರಿಗಿ ಸಾಲಲ್ಲರಿ.”

“ಸಾಲಲ್ಲ,” ಎಂದಳು ಆಮ್ರಪಾಲಿ. “ಆದ್ರೂ ಕೂಡ್ರಿ.”