ಕಿಟಕಿಯಲ್ಲಿ ನಿಂತವನು

"ಇವನು ಗಿಣಿ ಕಣ್ರೀ" ಎನ್ನುತ್ತ ಟ್ರೂಡೆ ಹಾಳೆಯನ್ನು ನನ್ನ ಕಡೆ ತಳ್ಳಿದಳು.

ಆ ಹಾಳೆ ನನ್ನದು. ಅವಳಿಗದು ಗೊತ್ತಿರಲಿಲ್ಲ.

೧೯೩೧ರ ಫ್ರಾಂಕ್‌ಫರ್ಟ್. ತತ್ವಶಾಸ್ತ್ರ ಬೀದಿಗಿಳಿದು ಜನರನ್ನು ಕೇಳಬೇಕು ಎಂದು ಹಟ ಹಿಡಿದಿದ್ದ ಸಂಸ್ಥೆಯೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಕಾರ್ಮಿಕರು ತುಂಬಿ ಕಳಿಸಿದ ಪ್ರಶ್ನಾವಳಿಗಳಲ್ಲಿ ಹೆಸರಿರುತ್ತಿರಲಿಲ್ಲ, ನಂಬರ್ ಮಾತ್ರ. ಪ್ರತಿಯೊಂದನ್ನೂ ಇಬ್ಬರು ಬೇರೆ ಬೇರೆ ಓದಿ, ಉತ್ತರ 'ಸ್ವಂತದ್ದು' ಅಥವಾ 'ಬಾಯಿಪಾಠ' ಎಂದು ಗುರುತು ಹಾಕಬೇಕು. ಗುರುತು ತಾಳೆಯಾಗದಿದ್ದರೆ ಎದುರುಬದುರು ಕೂತು ಚರ್ಚೆ.

ತಿಂಗಳ ಕೊನೆಗೆ ಟ್ರೂಡೆ ಸಂಸ್ಥೆಯ ಜಿನೀವಾ ಶಾಖೆಗೆ ಕೆಲಸಕ್ಕೆ ಹೊರಟಿದ್ದಳು. ಅಷ್ಟರೊಳಗೆ ನಾನು ಮದುವೆಯ ಮಾತೆತ್ತಬೇಕಿತ್ತು. ಧೈರ್ಯ ಸಾಲದೆ, ಒಂದು ಪ್ರಶ್ನಾವಳಿ ತುಂಬಿ ಕಟ್ಟಿನೊಳಗೆ ಸೇರಿಸಿದ್ದೆ. ಓದಿ ಮೆಚ್ಚಲಿ ಎಂದು.

'ಮದುವೆಯಾದ ಹೆಣ್ಣು ಹೊರಗೆ ದುಡಿಯುವುದು ಸರಿಯೇ?' ಎಂಬ ಪ್ರಶ್ನೆಗೆ ನಾನು ಬರೆದಿದ್ದು: 'ಸರಿ. ಆರ್ಥಿಕ ಸ್ವಾತಂತ್ರ್ಯವಿಲ್ಲದೆ ಸ್ತ್ರೀ ವಿಮೋಚನೆಯಿಲ್ಲ.'

"ಚೆನ್ನಾಗೇ ಇದೆಯಲ್ಲ" ಎಂದೆ.

"ನಮ್ಮಪ್ಪನೂ ಇದನ್ನೇ ಹೇಳ್ತಾರೆ. ಇವತ್ತಿನವರೆಗೂ ತಮ್ಮ ಕಾಫಿ ಲೋಟ ತಾವು ತೊಳೆದಿಲ್ಲ." ಅವಳು ಇನ್ನೊಂದು ಹಾಳೆ ಎತ್ತಿಕೊಂಡಳು. "ಇದನ್ನ ಓದಿ, ಡಾಕ್ಟ್ರೇ. ಲೇತ್ ಕೆಲಸದವನು."

ಪೆನ್ಸಿಲ್ ಬರಹ. 'ಗೊತ್ತಿಲ್ಲ. ಅವಳು ಫ್ಯಾಕ್ಟರಿಯಿಂದ ಬರುವ ತನಕ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ. ನಗುತ್ತಾ ಬಂದರೆ ನನಗೆ ಖುಷಿ, ಸ್ವಲ್ಪ ಹೊಟ್ಟೆಯುರಿಯೂ ಆಗುತ್ತದೆ.'

ಸ್ವಾತಂತ್ರ್ಯದ ಬಗ್ಗೆ ನಾನು ಮುನ್ನೂರು ಪುಟದ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವನು. ಅದರಲ್ಲೆಲ್ಲೂ ಈ ಕಿಟಕಿ ಇರಲಿಲ್ಲ. ಗೋಡೆಯುದ್ದಕ್ಕೂ ಇಂಥ ಕಟ್ಟುಗಳು ಸೂರು ಮುಟ್ಟಿದ್ದವು. ಒಂದೊಂದರಲ್ಲೂ ಯಾರೋ ಒಬ್ಬರು ಹೀಗೆ ನಿಂತಿರಬಹುದು ಅನ್ನಿಸಿ ಮೈ ಜುಮ್ಮೆಂದಿತು.

"ಟ್ರೂಡೆ, ಆ ಗಿಣಿ ನಾನೇ."

ಅವಳ ಕಿವಿ ಕೆಂಪಾಯಿತು. "ಬುದ್ಧಿ ಇದೆಯೇನ್ರೀ ನಿಮಗೆ? ಸಮೀಕ್ಷೆಯ ಲೆಕ್ಕಕ್ಕೆ ಸೇರಿ ಹೋಗಿದ್ದರೆ?" ಹಾಳೆಯನ್ನು ಹರಿದು ಬುಟ್ಟಿಗೆಸೆದಳು. ಆಮೇಲೆ ಕಣ್ಣೆತ್ತಿ ನೋಡಿದಳು. ಅಳೆಯುವ ನೋಟ, ತುಟಿಯಂಚಲ್ಲಿ ಮಾತ್ರ ತಡೆದಿಟ್ಟ ನಗು.

"ಯಾಕೆ ಬರೆದ್ರಿ?"

"ನಿಮ್ಮನ್ನ ಮದುವೆಯಾಗ್ಬೇಕು ಅಂತ."

ಹೊರಗೆ ಟ್ರಾಮ್ ಹಾದು ಹೋಯಿತು. ಅವಳು ಪೆನ್ಸಿಲ್ ಕೆಳಗಿಟ್ಟಳು.

"ನಾನು ಜಿನೀವಾ ಕೆಲಸ ಬಿಡಲ್ಲ, ಆನ್ಸೆಲ್ಮ್. ಈಗ ಹೇಳಿ. ಸರಿಯೇ?"

ಸಿದ್ಧ ವಾಕ್ಯಗಳೆಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

"ಹೆದರಿಕೆ ಆಗುತ್ತೆ. ಅಲ್ಲಿ ನನಗೆ ಕೆಲಸ ಇಲ್ಲ. ನಿಮ್ಮ ಸಂಬಳದಲ್ಲಿ ಊಟ ಮಾಡೋಕೆ ನಾಚಿಕೆ. ಸಂಜೆ ನೀವು ಬಂದು ಆಫೀಸಿನ ಸುದ್ದಿ ಹೇಳಿದ್ರೆ ಮುಖ ಊದಿಸ್ಕೊಂಡೂ ಕೂರಬಹುದು." ಉಸಿರು ತೆಗೆದುಕೊಂಡೆ. "ಆದ್ರೂ ಬರ್ತೀನಿ."

ಅವಳು ಮೇಜಿನ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ಹಿಡಿದಳು.

"ರೈಲು ಮೂವತ್ತನೇ ತಾರೀಖು, ಬೆಳಿಗ್ಗೆ ಎಂಟಕ್ಕೆ" ಎಂದಳು. "ನಿಮ್ಮ ಪುಸ್ತಕದ ಪೆಟ್ಟಿಗೆ ಮಾತ್ರ ನಾನು ಹೊರಲ್ಲ."